ನವಿಲಿನ ಮಾಡು, ಬೀಟೆಯ ಬಾಗಿಲು

ಮೈಸೂರು ಅರಮನೆ ಎಂದೊಡನೆ ಬಹಳ ಮಂದಿಗೆ ನೆನಪಾಗುವುದು ಭಾನುವಾರ ಸಂಜೆ ಒಮ್ಮೆಲೇ ಹೊತ್ತಿಕೊಳ್ಳುವ ಲಕ್ಷದಷ್ಟು ದೀಪಗಳು. ಚೆಂದವೇ, ಆದರೆ ಅವು ಕಟ್ಟಡದ ಅಂಚನ್ನಷ್ಟೇ ಬರೆಯುತ್ತವೆ. ಒಡೆಯರ ಮನೆತನದ ಅಭಿರುಚಿ ತಿಳಿಯಬೇಕಾದರೆ ಹಗಲು ಹೊತ್ತು ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು.

1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ತುತ್ತಾಯಿತು. ರೀಜೆಂಟ್ ಆಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೊಸ ಅರಮನೆಯ ಕೆಲಸವನ್ನು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ಗೆ ಒಪ್ಪಿಸಿದರು. 1912ರಲ್ಲಿ ಕೆಲಸ ಮುಗಿಯುವಾಗ ಖರ್ಚು 41 ಲಕ್ಷ ರೂಪಾಯಿ ದಾಟಿತ್ತು. ಬೆಂಕಿ ಕಂಡ ಮನೆತನ ಕಲ್ಲು, ಕಬ್ಬಿಣ, ಗಾಜುಗಳನ್ನು ನೆಚ್ಚಿಕೊಂಡಿತು.

ಈ ನೆಚ್ಚಿಕೆ ಕಲೆಯಾಗಿ ಅರಳಿದ್ದು ಎಂಟು ಮೂಲೆಯ ಕಲ್ಯಾಣ ಮಂಟಪದಲ್ಲಿ. ಎರಕದ ಕಬ್ಬಿಣ ಗ್ಲಾಸ್ಗೊದಿಂದ ಬಂದದ್ದು. ಅದು ಹೊತ್ತಿರುವ ಬಣ್ಣದ ಗಾಜಿನ ಮಾಡಿನಲ್ಲಿ ಮಾತ್ರ ನಮ್ಮ ನವಿಲುಗಳು. ಕಾರ್ಖಾನೆಯ ಸರಕು ಇಲ್ಲಿ ಮದುವೆ ಚಪ್ಪರದ ಕೆಲಸಕ್ಕೆ ಬಗ್ಗಿದೆ. ಸುತ್ತಲ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ಚಿತ್ರಗಳಿವೆ. ಫೋಟೋ ನೋಡಿ ಬರೆದ ಬಿಗುವು ಅವುಗಳಲ್ಲಿದೆ, ಚಿತ್ರಕಲೆಯಾಗಿ ಮಹತ್ವದವೆನ್ನಲಾರೆ. ಆದರೂ ಪೇಟ, ಕುದುರೆ, ಆನೆಯ ಜೂಲು, ಬೀದಿಯ ಜನ ಎಲ್ಲವೂ ಅಷ್ಟು ವಿವರವಾಗಿ ಉಳಿದಿರುವ ದಾಖಲೆ ಬೇರೆ ಎಲ್ಲಿದೆ?

ಮಹಡಿಯ ದರ್ಬಾರ್ ಹಾಲ್‌ನ ಬಗ್ಗೆ ನನಗೆ ತಕರಾರಿದೆ. ಸಾಲು ಕಂಬ, ಕಮಾನಿನ ಮೇಲೆ ಕಮಾನು, ಒಂದಿಂಚೂ ಬಿಡದ ಬಣ್ಣದ ಬಳ್ಳಿ. ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯದು. ರವಿವರ್ಮನ ಚಿತ್ರಗಳೂ ಈ ಗದ್ದಲದಲ್ಲಿ ಸೊರಗುತ್ತವೆ. ನ್ಯಾಯವಾಗಿ ಹೇಳುವುದಾದರೆ ಇದು ಖಾಲಿಯಿರಲೆಂದು ಕಟ್ಟಿದ್ದಲ್ಲ. ಸಿಂಹಾಸನ, ದರ್ಬಾರಿಗಳು, ಎದುರಿನ ಬಯಲಲ್ಲಿ ಜನ, ಇವೆಲ್ಲ ಇದ್ದಾಗ ದೂರದಿಂದ ಕಾಣಬೇಕಾದ ರಂಗಸಜ್ಜಿಕೆ ಇದು. ನಾಟಕ ಮುಗಿದ ಮೇಲೆ ಹತ್ತಿರ ಹೋಗಿ ನೋಡಿದರೆ ಅಲಂಕಾರ ಅತಿಯಾಯಿತೆನಿಸುತ್ತದೆ.

ರಾಜರ ಆಪ್ತ ದರ್ಬಾರು ನಡೆಯುತ್ತಿದ್ದ ಅಂಬಾವಿಲಾಸದಲ್ಲೂ ಚಿನ್ನದ ಲೇಪಕ್ಕೆ ಬರವಿಲ್ಲ. ನಾನು ನಿಲ್ಲುವುದು ಬಾಗಿಲ ಮುಂದೆ: ಬೀಟೆಮರ, ಅದರಲ್ಲಿ ದಂತದ ಕುಸುರಿ. ಇದು ಮೈಸೂರಿನ ಕೈಗಳೇ ಬೆಳೆಸಿದ ಕೆಲಸ. ಗ್ಲಾಸ್ಗೊದ ಯಾವ ಎರಕವೂ ಇದರ ಸಮಕ್ಕೆ ಬಾರದು. ಹಗ್ಗದ ಆಚೆ ಸಾಗುವ ಸಾಲು ಮಾತ್ರ ಇಲ್ಲಿ ಯಾರನ್ನೂ ಹೆಚ್ಚು ಹೊತ್ತು ನಿಲ್ಲಗೊಡುವುದಿಲ್ಲ.