ಡೋಡೊ ಇಲ್ಲದೆ ಮೊಳೆಯದ ಮರವೆ?

ಡೋಡೊ ಹಕ್ಕಿ ಮತ್ತು ಟಂಬಲಕೋಕ್ ಮರದ ಕಥೆಯನ್ನು ನೀವು ಓದಿರಬಹುದು, ತರಗತಿಯಲ್ಲಿ ಹೇಳಿರಲೂಬಹುದು. ನಮ್ಮ ಸಪೋಟ, ಹಿಪ್ಪೆ, ರಂಜೆಗಳ ಕುಟುಂಬಕ್ಕೆ ಸೇರಿದ ಈ ಮರ ಮಾರಿಷಸ್ ದ್ವೀಪದಲ್ಲಿ ಮಾತ್ರ ಸಹಜವಾಗಿ ಬೆಳೆಯುತ್ತದೆ. ಅದರ ಹಣ್ಣಿನ ಓಟೆ ಬಲು ಗಟ್ಟಿ. ಡೋಡೊ ಅದನ್ನು ನುಂಗಿ, ಜಠರದಲ್ಲಿ ಸವೆಸಿದರೆ ಮಾತ್ರ ಬೀಜ ಮೊಳೆಯುತ್ತಿತ್ತು. 17ನೆಯ ಶತಮಾನದಲ್ಲಿ ಡೋಡೊ ಅಳಿದ ಮೇಲೆ ಹೊಸ ಸಸಿಯೇ ಹುಟ್ಟಲಿಲ್ಲ ಎಂಬುದು ಕಥೆ.

ಇದರ ಮೂಲ 1977ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಸ್ಟ್ಯಾನ್ಲಿ ಟೆಂಪಲ್ ಅವರ ಲೇಖನ. ಉಳಿದಿರುವುದು 13 ಮರಗಳು, ಎಲ್ಲವೂ 300 ವರ್ಷ ಮೀರಿದವು ಎಂದು ಅವರು ಬರೆದರು. 17 ಓಟೆಗಳನ್ನು ಟರ್ಕಿಕೋಳಿಗಳಿಗೆ ತಿನ್ನಿಸಿದಾಗ 7 ಪುಡಿಯಾದವು. ಉಳಿದ 10ರಲ್ಲಿ 3 ಮೊಳೆತವು.

ಇಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ: ಕೋಳಿಗೆ ತಿನ್ನಿಸದ ಓಟೆಗಳನ್ನೂ ಜೊತೆಯಲ್ಲಿ ಬಿತ್ತಿ ನೋಡಿದರೆ? ಇಲ್ಲ. ಹೋಲಿಕೆಗೆ ಮತ್ತೊಂದು ಗುಂಪು ಇಲ್ಲದಿದ್ದಾಗ, ಮೂರು ಬೀಜ ಮೊಳೆತದ್ದು ಸವೆತದಿಂದಲೇ ಎಂದು ಹೇಳಲು ಬರುವುದಿಲ್ಲ. ಎರಡನೆಯದು, ವಯಸ್ಸು. ಈ ಮರದಲ್ಲಿ ಸ್ಪಷ್ಟವಾದ ವಾರ್ಷಿಕ ಉಂಗುರಗಳಿಲ್ಲ. ಹಾಗಿರುವಾಗ 300 ವರ್ಷ ಎಂಬುದು ಅಂದಾಜು ಮಾತ್ರ.

ಮೂರನೆಯದು, ಆಗಲೇ ಇದ್ದ ಪುರಾವೆ. ಸವೆಸದ ಓಟೆಯೂ ಮೊಳೆಯುತ್ತದೆ ಎಂದು ಹಿಲ್ ಎಂಬ ಸಸ್ಯವಿಜ್ಞಾನಿ 1941ರಲ್ಲೇ ತೋರಿಸಿದ್ದರು. ಓಟೆಯಲ್ಲಿ ಒಂದು ದುರ್ಬಲ ಗೆರೆಯಿದೆ. ಒಳಗಿನ ಬೀಜ ಉಬ್ಬಿದಾಗ ಅದು ಅಲ್ಲೇ ಬಿರಿಯುತ್ತದೆ. ಮಾರಿಷಸ್‌ನ ಅರಣ್ಯ ಇಲಾಖೆಯ ಓವಾಡಲಿ ಅವರು 1979ರಲ್ಲಿ ಅದೇ ಪತ್ರಿಕೆಯಲ್ಲಿ ಉತ್ತರ ಬರೆದು, ಕೋಳಿಯ ನೆರವಿಲ್ಲದೆಯೇ ಸಸಿ ಬೆಳೆಸಿರುವುದನ್ನೂ ಕಾಡಿನಲ್ಲಿ ನೂರು ವರ್ಷದೊಳಗಿನ ಮರಗಳಿರುವುದನ್ನೂ ತಿಳಿಸಿದರು. 1991ರಲ್ಲಿ ವಿಟ್ಮರ್ ಮತ್ತು ಚೀಕ್ ಎಲ್ಲ ಪುರಾವೆಗಳನ್ನು ಮರುಪರಿಶೀಲಿಸಿದರು. ಡೋಡೊ ಈ ಹಣ್ಣನ್ನು ತಿಂದಿರಬಹುದು. ಆದರೆ ಮರದ ಉಳಿವು ಡೋಡೊ ಒಂದನ್ನೇ ನಂಬಿತ್ತು ಎಂಬ ವಾದ ನಿಲ್ಲಲಿಲ್ಲ.

ಹಾಗಾದರೆ ಮರ ಅಪರೂಪವಾದದ್ದೇಕೆ? ಕಬ್ಬಿನ ಬೇಸಾಯ ಮತ್ತಿತರ ಕಾರಣಗಳಿಗೆ ಕಾಡು ಕಡಿಯಲಾಯಿತು. ಒಳ್ಳೆಯ ಸ್ಥಿತಿಯಲ್ಲಿರುವ ಮೂಲ ಅರಣ್ಯ ಈಗ ದ್ವೀಪದ ಶೇ. 2ಕ್ಕಿಂತ ಕಡಿಮೆ. ಮನುಷ್ಯ ತಂದುಬಿಟ್ಟ ಕೋತಿಗಳು ಕಾಯಿಗಳನ್ನು ಬಲಿಯುವ ಮೊದಲೇ ಕಿತ್ತು ಹಾಳುಮಾಡುತ್ತವೆ. ಹಂದಿ, ಜಿಂಕೆಗಳು ನೆಲದ ಸಸಿಗಳನ್ನು ಉಳಿಸುವುದಿಲ್ಲ. ದಕ್ಷಿಣ ಅಮೆರಿಕದಿಂದ ಬಂದ ಸಣ್ಣ ಹಣ್ಣಿನ ಸೀಬೆ ಜಾತಿಯೊಂದು ಪೊದೆಗಟ್ಟಿ ಬೆಳೆದು ಅವಕ್ಕೆ ಬೆಳಕು ಸಿಗದಂತೆ ಮಾಡುತ್ತದೆ. ತಿರುಳು ಅಂಟಿಕೊಂಡ ಓಟೆಗೆ ಶಿಲೀಂಧ್ರದ ಕಾಟವೂ ಉಂಟು.

ಈ ವ್ಯತ್ಯಾಸ ಪುಸ್ತಕದ ಮಾತಷ್ಟೇ ಅಲ್ಲ. ಡೋಡೊ ಕಥೆಯನ್ನು ನಂಬಿದರೆ, ಸತ್ತ ಹಕ್ಕಿಯನ್ನು ದೂರಿ ಸುಮ್ಮನಿರಬಹುದು. ಇಲ್ಲವೇ ಟರ್ಕಿಕೋಳಿ ಸಾಕಬಹುದು. ನಿಜವಾದ ಕಾರಣಗಳನ್ನು ಹಿಡಿದರೆ, ಬೇಲಿ ಹಾಕಿ ಪ್ರಾಣಿಗಳನ್ನು ಹೊರಗಿಡಬೇಕು, ಸೀಬೆಯ ಪೊದೆ ಕೀಳಬೇಕು. ಮಾರಿಷಸ್‌ನ ಕೆಲವು ಕಾಡುತುಣುಕುಗಳಲ್ಲಿ ಈ ಕೆಲಸ ನಡೆದಿದೆ.

ಶಿಕ್ಷಕರು ಈ ಕಥೆಯನ್ನು ಪಾಠದಿಂದ ತೆಗೆದುಹಾಕಬೇಕಿಲ್ಲ. ಟೆಂಪಲ್ ಅವರ ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆದು, ಈ ಪ್ರಯೋಗದಲ್ಲಿ ಏನು ಬಿಟ್ಟುಹೋಗಿದೆ ಎಂದು ವಿದ್ಯಾರ್ಥಿಗಳನ್ನೇ ಕೇಳಿ.