ಅಡಿಗಲ್ಲನ್ನು ಕಾಯುವ ಕೈ

ಸ್ಕಾಟ್ಲೆಂಡಿನಲ್ಲಿ ವಿಸ್ಕಿಗಾಗಿ ಓಕ್ ಪೀಪಾಯಿ ಕಟ್ಟುವವರ ಕಸುಬಿನಲ್ಲಿ ನನ್ನ ಮನ ಸೆಳೆದದ್ದು ಕಬ್ಬಿಣದ ಬಳೆ. ಹಲಗೆಗಳ ನಡುವೆ ಅಂಟಿಲ್ಲ, ಮೊಳೆಯಿಲ್ಲ. ಅವನ್ನು ಬಿಗಿಹಿಡಿದಿರುವುದು ಬಳೆಗಳೇ.

ಪೀಪಾಯಿಯ ನಡು ಉಬ್ಬಿರುತ್ತದೆ, ತುದಿ ಸಪೂರ. ನೇರ ಪಟ್ಟಿಯನ್ನು ಬಗ್ಗಿಸಿ ರಿವೆಟ್ ಹಾಕಿದರೆ ಮರಕ್ಕೆ ತಾಗುವುದು ಒಂದೇ ಅಂಚು. ಹಾಗಾಗಿ ಪಟ್ಟಿಯನ್ನು ಕಾಯಿಸದೆಯೇ ಕಮ್ಮಾರರ ಉಕ್ಕಿನ ಅಡಿಗಲ್ಲಿನ ಮೇಲಿಟ್ಟು ಒಂದು ಅಂಚಿನುದ್ದಕ್ಕೂ ಬಡಿಯುತ್ತಾ ಹೋಗುತ್ತಾರೆ. ಪೆಟ್ಟು ತಿಂದ ಅಂಚು ತೆಳುವಾಗಿ ಹಿಗ್ಗುತ್ತದೆ, ಲಂಗದ ಅಂಚಿನಂತೆ ಅರಳುತ್ತದೆ. ಪೆಟ್ಟುಗಳ ಅಂತರ ಸಮನಾಗಿದ್ದರೆ ಮಾತ್ರ ಬಳೆ ದುಂಡಗೆ ಉಳಿದೀತು.

ಕಾದ ಕಬ್ಬಿಣ ಪೆಟ್ಟನ್ನು ನುಂಗಿಕೊಳ್ಳುತ್ತದೆ. ತಣ್ಣನೆಯದು ಅದನ್ನು ಕೆಳಗಿನ ಅಡಿಗಲ್ಲಿಗೆ ದಾಟಿಸುತ್ತದೆ. ಅಂಚಿನಲ್ಲೇ ಬಡಿಯಬೇಕಾದ್ದರಿಂದ ಸುತ್ತಿಗೆ ಕೂದಲೆಳೆ ಜಾರಿದರೂ ನೇರ ಅಡಿಗಲ್ಲಿನ ಮುಖಕ್ಕೇ ಏಟು. ಹದ ಕೊಟ್ಟು ಗಡುಸಾಗಿಸಿದ ಆ ಉಕ್ಕು ಚಕ್ಕೆ ಏಳಬಹುದು, ತಗ್ಗು ಬೀಳಬಹುದು. ಆಮೇಲೆ ಆ ಗಾಯದ ಅಚ್ಚು ಪ್ರತಿ ಬಳೆಯ ಮೇಲೂ ಮೂಡುತ್ತದೆ. ಬಲ್ಲವರು ಮೊದಲೇ ಮೆದು ಉಕ್ಕಿನ ದಪ್ಪ ತಗಡೊಂದನ್ನು ಮೇಲೆ ಹಾಸುತ್ತಾರೆ. ತಗಡಿನ ಅಡಿಗೆ ಬೆಸೆದ ಗೂಟ ಅಡಿಗಲ್ಲಿನ ಚೌಕ ತೂತಿನಲ್ಲಿ ಕೂತರೆ ಹಾಸು ಅಲುಗದು. ಏಟೆಲ್ಲ ತಗಡಿಗೆ, ಸವೆದಾಗ ಬದಲಿಸಿದರಾಯಿತು. ಸುತ್ತಿಗೆಯ ಮೂಲೆಗಳನ್ನೂ ಉಜ್ಜಿ ನುಣುಪಾಗಿಸಿರುತ್ತಾರೆ.

ಸಲಕರಣೆಯನ್ನು ಮುಂದಿನ ತಲೆಮಾರಿಗೂ ಉಳಿಸಬೇಕೆಂಬ ಈ ಕಾಳಜಿ ಬಳೆಯ ಬಿಗಿಯಷ್ಟೇ ದೊಡ್ಡ ಕುಶಲತೆ.