ಕೋಠೆಯ ಕಥೆಗಳಲ್ಲಿ ಕಾಣದ ಕ್ರಯಪತ್ರ

ಉರ್ದುವಿನಲ್ಲಿ ‘ಕೋಠಾ’ ಎಂದರೆ ಮೂಲತಃ ಮನೆಯ ಮಾಳಿಗೆ, ಮೇಲಂತಸ್ತು. ಅದೇ ಮಾತು ವೇಶ್ಯೆಯ ಮನೆಗೆ ಹೆಸರಾಗಿ ನಿಂತಿದೆ. ಆದರೆ ಕೋಠೆಯ ಬಗ್ಗೆ ಬರೆದ ಕಥೆಗಾರರಾಗಲಿ, ಚಿತ್ರ ತೆಗೆದ ನಿರ್ದೇಶಕರಾಗಲಿ, ಆ ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳಿದ್ದು ಅಪರೂಪ. ಅವಳ ಗೆಜ್ಜೆ, ಗಜಲು, ಕಣ್ಣೀರು, ಕೈಕೊಟ್ಟ ಪ್ರೇಮಿ, ಎಲ್ಲವೂ ನಮಗೆ ಪರಿಚಿತ. ಬಾಡಿಗೆ ಎಷ್ಟು ಕೊಡುತ್ತಾಳೆ, ವಯಸ್ಸಾದ ಮೇಲೆ ಎಲ್ಲಿರುತ್ತಾಳೆ, ಎರಡು ಕೋಣೆಯ ಸ್ವಂತ ಮನೆ ಮಾಡಿಕೊಳ್ಳಬೇಕೆಂದರೆ ಹಣ ಎಲ್ಲಿಂದ ತರುತ್ತಾಳೆ ಎಂಬ ಪ್ರಶ್ನೆಗಳು ಮಾತ್ರ ಕಥೆಯ ಹೊಸ್ತಿಲಾಚೆಗೇ ಉಳಿದಿವೆ. ಇಂದು ಲೈಂಗಿಕ ವೃತ್ತಿಯಲ್ಲಿರುವ ಮಹಿಳೆ ಬ್ಯಾಂಕಿಗೆ ಹೋಗಿ ಗೃಹಸಾಲ ಕೇಳಿದರೆ ಎದುರಾಗುವುದು ಇವೇ ಪ್ರಶ್ನೆಗಳು. ಈ ಕಣ್ಣಿನಿಂದ ಹಳೆಯ ಕಥೆಗಳನ್ನು ಮತ್ತೊಮ್ಮೆ ಓದಬೇಕೆಂದು ನಮಗೆ ತೋರುತ್ತದೆ.

ಮೊದಲು ನೆನಪಾಗುವುದು ಗುಲಾಮ್ ಅಬ್ಬಾಸ್ ಅವರ ‘ಆನಂದಿ’. 1948ರಲ್ಲಿ ಬಂದ ಅವರ ಕಥಾಸಂಕಲನಕ್ಕೂ ಇದೇ ಹೆಸರು. ನಗರಸಭೆಯ ಮಾನ್ಯ ಸದಸ್ಯರು ಸಭೆ ಸೇರಿ, ಊರ ನಡುವೆ ಇರುವ ವೇಶ್ಯೆಯರನ್ನು ಹೊರಹಾಕಬೇಕೆಂದು ಭಾಷಣ ಬಿಗಿಯುತ್ತಾರೆ. ನಿರ್ಣಯವಾಗುತ್ತದೆ. ಆ ಹೆಂಗಸರ ಒಡೆತನದ ಮನೆಗಳ ಪಟ್ಟಿ, ನಕ್ಷೆ ತಯಾರಾಗುತ್ತವೆ. ಹೆಚ್ಚಿನವು ಹರಾಜಿಗೆ ಹೋಗುತ್ತವೆ. ಊರಿನಿಂದ ಆರು ಕೋಸ್ ದೂರದ ಪಾಳುಜಾಗ ಅವರಿಗೆ ಗೊತ್ತಾಗುತ್ತದೆ. ಮನೆ ಕಟ್ಟಲು ಗಾರೆಯವರು ಬರುತ್ತಾರೆ, ಅವರ ಬೆನ್ನಿಗೆ ಬೀಡಿ ಸಿಗರೇಟು ಮಾರುವವರು, ಹಣ್ಣಿನವರು, ಕಬಾಬಿನವನು, ಪಾಳುಬಿದ್ದ ಮಸೀದಿಗೆ ಒಬ್ಬ ಮುಲ್ಲಾ. ಇಪ್ಪತ್ತು ವರ್ಷದಲ್ಲಿ ಅಲ್ಲೊಂದು ನಗರವೇ ಎದ್ದು ನಿಲ್ಲುತ್ತದೆ. ಆ ಹೊಸ ನಗರದ ಸಭೆಯೂ ಒಂದು ದಿನ ಸೇರಿ ಇವರನ್ನು ಹೊರಹಾಕಲು ನಿರ್ಣಯಿಸುತ್ತದೆ. ಈ ಸಲದ ದೂರ ಹನ್ನೆರಡು ಕೋಸ್.

ಸಭ್ಯರ ಇಬ್ಬಂದಿತನಕ್ಕೆ ಹಿಡಿದ ಕನ್ನಡಿ ಎಂದು ವಿಮರ್ಶಕರು ಈ ಕಥೆಯನ್ನು ಹೊಗಳುತ್ತ ಬಂದಿದ್ದಾರೆ. ಹೊಗಳಿಕೆ ಸರಿಯೇ. ಆದರೆ ಕಥೆಯ ನಡುವೆ ಒಂದು ಲೆಕ್ಕವಿದೆ. ಆ ಪಾಳುಜಾಗದಲ್ಲಿ ಮನೆ ಕಟ್ಟಿಸಿಕೊಂಡವರು ಬರೀ ಹದಿನಾಲ್ಕು ಮಂದಿ. ಸಿರಿವಂತ ಪ್ರೇಮಿಗಳ ಕಾಯಂ ಆಸರೆಯನ್ನು ನಂಬಿ ಅಲ್ಲಿ ನಿಂತವರು. ಉಳಿದ ನೂರಾರು ಹೆಂಗಸರು ಬೇರೆ ಊರುಗಳಿಗೋ, ಹೋಟೆಲುಗಳಿಗೋ, ಹೆಸರು ಮರೆಸಿಕೊಂಡು ಸಭ್ಯರ ಗಲ್ಲಿಗಳಿಗೋ ಚದುರಿದರು ಎಂದು ಅಬ್ಬಾಸ್ ಸರಸರನೆ ಹೇಳಿ ಮುಂದೆ ಸಾಗುತ್ತಾರೆ. ನಮಗೆ ಕಾಡುವುದು ಆ ಉಳಿದವರೇ. ಅವರಿಗೂ ಒಂದು ಸಾಲ ಸಿಕ್ಕಿದ್ದರೆ? ಅಬ್ಬಾಸರ ವ್ಯಂಗ್ಯ ನಗರಸಭೆಯ ಬಾಗಿಲಲ್ಲೇ ನಿಂತುಬಿಡುತ್ತದೆ, ಬ್ಯಾಂಕಿನ ಬಾಗಿಲಿಗೆ ಬರುವುದಿಲ್ಲ. ಇದೇ ಕಥೆಯನ್ನು ಆಧರಿಸಿ ಶ್ಯಾಮ್ ಬೆನಗಲ್ 1983ರಲ್ಲಿ ‘ಮಂಡಿ’ ತೆಗೆದರು. ಅಲ್ಲಿ ಕಟ್ಟಡ ಒಬ್ಬ ವ್ಯಾಪಾರಿಯ ಕೈ ಸೇರುತ್ತಲೇ ಶಬಾನಾ ಆಜ್ಮಿಯವರ ರುಕ್ಮಿಣಿಬಾಯಿ ಮನೆ ಬಿಡಬೇಕಾಗುತ್ತದೆ. ಇಷ್ಟು ಜೋರುಬಾಯಿಯ ಹೆಂಗಸಿಗೂ ಇದ್ದ ಸೂರು ಪರರದೇ.

ಮಂಟೋ ಈ ವಿಷಯದಲ್ಲಿ ಹೆಚ್ಚು ನಿಷ್ಠುರ. ‘ಕಾಲಿ ಸಲ್ವಾರ್’ ಕಥೆಯ ಸುಲ್ತಾನಾ ಅಂಬಾಲಾದಲ್ಲಿದ್ದಾಗ ಎಂಟು ಚಿನ್ನದ ಬಳೆ ಮಾಡಿಸಿಕೊಂಡಿರುತ್ತಾಳೆ. ದೆಹಲಿಯಲ್ಲಿ ವ್ಯಾಪಾರ ಕುಸಿದು, ಬಳೆಗಳು ಒಂದೊಂದಾಗಿ ಮಾರಾಟವಾಗುತ್ತವೆ. ಮೊಹರಮ್ಮಿಗೆ ಕಪ್ಪು ಸಲ್ವಾರ್ ಬೇಕೆಂಬ ಅವಳ ಆಸೆಯನ್ನು ಓದಿ ಮರುಗುವ ನಾವು, ಆ ಬಳೆಗಳೇ ಅವಳ ಬ್ಯಾಂಕು ಎಂಬುದನ್ನು ಗಮನಿಸುವುದಿಲ್ಲ. ಮೈಮೇಲೆ ಹೊತ್ತು ತಿರುಗಬಹುದಾದ, ಯಾವ ಅರ್ಜಿಯನ್ನೂ ಕೇಳದ ಉಳಿತಾಯ ಅದು. ಕರಗಿದರೆ ಕರಗಿತು, ಹಿಂದೆ ಏನೂ ಇಲ್ಲ.

ಆಕೆಗೆ ಎಂದೂ ಆಸ್ತಿಯೇ ಇರಲಿಲ್ಲವೆಂದಲ್ಲ. ಇತಿಹಾಸಕಾರ್ತಿ ವೀಣಾ ತಲ್ವಾರ್ ಓಲ್ಡೆನ್‌ಬರ್ಗ್ ಅವರು ಲಖನೌದ 1858ರಿಂದ 1877ರವರೆಗಿನ ತೆರಿಗೆ ದಾಖಲೆಗಳನ್ನು ತೆರೆದಾಗ, ಅತಿ ಹೆಚ್ಚು ತೆರಿಗೆ ಕಟ್ಟುವವರ ಸಾಲಿನಲ್ಲಿ ಕಂಡದ್ದು ತವಾಯಫರನ್ನು. ಅವರ ಹೆಸರಿನಲ್ಲಿ ಮನೆ, ತೋಟ, ಅಂಗಡಿಗಳಿದ್ದವು. 1857ರ ದಂಗೆಯ ನಂತರ ಬ್ರಿಟಿಷರು ಆಸ್ತಿ ಮುಟ್ಟುಗೋಲು ಹಾಕಿಕೊಂಡವರ ಪಟ್ಟಿಯಲ್ಲೂ ಇವರಿದ್ದರು. ತವಾಯಫಿನ ಕಲೆಗಾರಿಕೆಯನ್ನೂ ಇಂದಿನ ಲೈಂಗಿಕ ವೃತ್ತಿಯನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು, ನಿಜ. ಆದರೂ ಸರಕಾರದ ಪುಸ್ತಕದಲ್ಲಿ ಮನೆಯೊಡತಿಯೂ ತೆರಿಗೆದಾರಳೂ ಆಗಿದ್ದವಳು ನಮ್ಮ ಸಾಹಿತ್ಯದಲ್ಲಿ ನಿರ್ಗತಿಕಳಾಗಿಯೇ ಏಕೆ ಬಂದಳು? ಮನೆಯುಳ್ಳವಳ ಮೇಲೆ ಮರುಕ ತೋರುವುದು ಕಷ್ಟ ಎಂಬುದೇ ಇದಕ್ಕೆ ಕಾರಣವೆಂದು ನಮ್ಮ ಅನುಮಾನ.

ಇಂದಿನ ಸ್ಥಿತಿಗೆ ಬರೋಣ. ಸ್ವಂತ ಉದ್ಯೋಗದವರು ಗೃಹಸಾಲ ಕೇಳಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಎರಡು ಮೂರು ವರ್ಷದ ಆದಾಯ ತೆರಿಗೆ ವಿವರ, ಖಾತೆಯ ವಹಿವಾಟು, ಉದ್ಯೋಗದ ಪುರಾವೆ ಕೇಳುತ್ತವೆ. ಈಕೆಯ ಗಳಿಕೆ ನಗದಿನಲ್ಲಿ ಬರುತ್ತದೆ, ಅದಕ್ಕೆ ರಸೀದಿಯಿಲ್ಲ. ಉದ್ಯೋಗದ ಜಾಗದಲ್ಲಿ ನಿಜ ಬರೆದರೆ ಅರ್ಜಿ ಮೂಲೆಗೆ ಬೀಳುವ ಭಯ. ‘ಟೈಲರಿಂಗ್’ ಎಂದು ಬರೆದರೆ ಸುಳ್ಳು ಹೇಳಿಕೆ.

ಕಾನೂನಿನ ತೊಡಕೂ ಸಣ್ಣದಲ್ಲ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ವಯಸ್ಕ ಮಹಿಳೆ ತಾನಾಗಿ ಮಾಡುವ ವೃತ್ತಿಯನ್ನೇ ಅಪರಾಧವೆನ್ನುವುದಿಲ್ಲ. ಆದರೆ ಇಬ್ಬರು ಗೆಳತಿಯರು ಸೇರಿ ಒಂದು ಮನೆ ಕೊಂಡು ಅಲ್ಲೇ ವೃತ್ತಿ ನಡೆಸಿದರೆ ಅದು ‘ವೇಶ್ಯಾಗೃಹ’ವಾಗುತ್ತದೆ. ಆಕೆಯ ಗಳಿಕೆಯಿಂದ ತಿಳಿದೂ ಬದುಕುವ ಹದಿನೆಂಟು ದಾಟಿದ ಯಾರೇ ಆದರೂ ನಾಲ್ಕನೇ ಕಲಮಿನಡಿ ತಪ್ಪಿತಸ್ಥರಾಗಬಹುದು, ಅದು ಹೆತ್ತ ಮಗನಾದರೂ ಸರಿ. ಸಾಲಕ್ಕೆ ಜೊತೆ ಅರ್ಜಿದಾರರನ್ನು ಆಕೆ ಎಲ್ಲಿಂದ ತರಬೇಕು? 2022ರ ಮೇ 19ರಂದು ಸುಪ್ರೀಂ ಕೋರ್ಟು ಬುದ್ಧದೇವ್ ಕರ್ಮಸ್ಕರ್ ಪ್ರಕರಣದಲ್ಲಿ ಇವರಿಗೂ ಘನತೆಯ ಬದುಕಿನ ಹಕ್ಕಿದೆ ಎಂದಿತು. ವಿಳಾಸದ ಪುರಾವೆಗೆ ಒತ್ತಾಯಿಸದೆ, ವೃತ್ತಿಯ ಗುರುತು ಎಲ್ಲೂ ಬರದಂತೆ ಆಧಾರ್ ಕೊಡಬೇಕೆಂದು ಆದೇಶಿಸಿತು. ಗುರುತಿನ ಚೀಟಿ ಸಿಗುವ ದಾರಿಯಾಯಿತು. ಆದಾಯಕ್ಕೆ ಗುರುತು ಇನ್ನೂ ಬೇಕಿದೆ.

ಕೊಲ್ಕತ್ತಾದ ಸೋನಾಗಾಚಿಯ ಮಹಿಳೆಯರು ಈ ಗಂಟನ್ನು ಬೇರೆ ಕಡೆಯಿಂದ ಬಿಚ್ಚಿದರು. ಲೇವಾದೇವಿಯವರ ಬಡ್ಡಿಗೆ ಬೇಸತ್ತು 1995ರಲ್ಲಿ ‘ಉಷಾ’ ಎಂಬ ಸಹಕಾರ ಸಂಘ ಕಟ್ಟಿದರು. ಸಹಕಾರ ಕಾನೂನಿನ ‘ಒಳ್ಳೆಯ ನಡತೆ’ಯ ಮಾತು ಅಡ್ಡ ಬಂತು. ಗೃಹಿಣಿಯರೆಂದು ಬರೆದುಕೊಡಿ ಎಂಬ ಸಲಹೆಯೂ ಬಂತು. ಅವರು ಒಪ್ಪದೆ, ತಮ್ಮ ವೃತ್ತಿಯ ಹೆಸರಿನಲ್ಲೇ ನೋಂದಣಿ ಪಡೆದರು. ದಿನದ ಉಳಿತಾಯವನ್ನು ಬಾಗಿಲಿಗೇ ಬಂದು ಸಂಗ್ರಹಿಸಲು ಅವರ ಮಕ್ಕಳೇ ನೇಮಕವಾದರು. ಹೀಗೆ ದಿನವೂ ಬೀಳುವ ಆ ಮುದ್ರೆ, ಬ್ಯಾಂಕು ಕೇಳುವ ‘ಆದಾಯದ ಪುರಾವೆ’ಗೆ ಹತ್ತಿರದ ವಸ್ತು. ಸಂಘದ ಸಣ್ಣ ಸಾಲ ಇಪ್ಪತ್ತು ವರ್ಷದ ಗೃಹಸಾಲಕ್ಕೆ ಸಮವಲ್ಲ, ಆದರೂ ದಾರಿ ತೋರಿಸಿದ್ದು ಅದೇ. ನಮ್ಮ ಕರ್ನಾಟಕದಲ್ಲೂ ಮೈಸೂರಿನ ಆಶೋದಯ ಸಮಿತಿ, 2006ರಲ್ಲಿ ಹುಟ್ಟಿದ ಲೈಂಗಿಕ ಕಾರ್ಯಕರ್ತೆಯರ ಯೂನಿಯನ್ ಇವೆ. ‘ದಮನಿತ ಮಹಿಳೆ’ಯರಿಗೆಂದು ಸರಕಾರ ತಂದ ಚೇತನ ಯೋಜನೆಯ ನೆರವು ಸಣ್ಣ ವ್ಯಾಪಾರಕ್ಕೆ, ಮನೆಗಲ್ಲ.

ಓದುಗರಲ್ಲಿ ಕೆಲವರು ಕೇಳಬಹುದು: ಗಳಿಕೆಯೇ ಹರಾಮು, ಮೇಲೆ ಬಡ್ಡಿಯ ಸಾಲ ಬೇರೆ, ಇದನ್ನು ನೀವು ಸಮರ್ಥಿಸುತ್ತೀರಾ? ಫತ್ವಾ ಕೊಡುವ ಕೆಲಸ ಕಥೆಗಾರರದ್ದಲ್ಲ. ಈ ವೃತ್ತಿ ಒಳ್ಳೆಯದೆಂದು ನಾವು ಹೇಳುತ್ತಲೂ ಇಲ್ಲ. ಆದರೆ ಮಾರುಕಟ್ಟೆಗಿಂತ ಹೆಚ್ಚು ಬಾಡಿಗೆ ಎಣಿಸಿಕೊಳ್ಳುವ ಮಾಲೀಕ, ಮೀಟರ್ ಬಡ್ಡಿಯವನು, ಮಾಮೂಲಿಗೆ ಕೈಚಾಚುವವನು, ಇವರಾರೂ ಹಣದ ಮೂಲ ಕೇಳುವುದಿಲ್ಲ. ಅವಳು ಸ್ವಂತ ಸೂರಿಗೆ ಕೈಚಾಚಿದಾಗ ಮಾತ್ರ ಎಲ್ಲರಿಗೂ ನೀತಿ ನೆನಪಾಗುತ್ತದೆ. ಹೆಸರು ಕೇಳಿದೊಡನೆ ‘ಮನೆ ಖಾಲಿಯಿಲ್ಲ’ ಎನಿಸಿಕೊಳ್ಳುವುದು ಏನೆಂದು ನಮ್ಮ ಸಮುದಾಯಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಈ ವೃತ್ತಿಯಿಂದ ಹೊರಬರಲು ಬಯಸುವವಳಿಗೂ ಮೊದಲು ಬೇಕಾದದ್ದು ಯಾರೂ ಎಬ್ಬಿಸಲಾಗದ ಒಂದು ಬಾಗಿಲು, ಮಗಳು ಶಾಲೆಯಿಂದ ತಿರುಗಿ ಬರಲು ಒಂದು ವಿಳಾಸ.

ಅಬ್ಬಾಸ್, ಮಂಟೋ ದೊಡ್ಡ ಕಥೆಗಾರರು. ತಮ್ಮ ಕಾಲದ ಕಪಟವನ್ನು ತೋರಿಸಿ ಹೋದರು. ಅದೇ ಕಣ್ಣೀರನ್ನು ಇನ್ನೊಂದು ಸಲ ಬಡಿಸುವ ಇಂದಿನ ಕಥೆಗಳ ಬಗ್ಗೆಯೇ ನಮ್ಮ ತಕರಾರು. ಸಾಲದ ಅರ್ಜಿಯಲ್ಲಿ ‘ಉದ್ಯೋಗ’ ಎಂಬ ಖಾಲಿ ಜಾಗದ ಮುಂದೆ ಪೆನ್ನು ಹಿಡಿದು ಕುಳಿತ ಹೆಂಗಸಿನ ಕಥೆಯನ್ನು ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ ನಾವಿನ್ನೂ ಓದಿಲ್ಲ. ಅದನ್ನು ಯಾರಾದರೂ ಬರೆಯಲಿ. ಅದಕ್ಕೂ ಮುಂಚೆ ಯಾವುದಾದರೂ ಬ್ಯಾಂಕು ಅವಳ ಅರ್ಜಿಯನ್ನು ಓದಲಿ.